ಪಾಪ ಎನ್ನುವ ಮೊದಲು

‘ಮಿಥ್ಯ’ ಚಿತ್ರ ಆರಂಭವಾಗಿ ಹತ್ತು ನಿಮಿಷವೂ ಕಳೆದಿರಲಿಲ್ಲ, ನನ್ನ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಪಕ್ಕದವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ‘ಪಾಪ’ ಎಂದರು. ತೆರೆಯ ಮೇಲೆ 11 ವರ್ಷದ ಹುಡುಗನೊಬ್ಬನಿದ್ದ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು, ಅವರೊಡನೆ ಬದುಕಿದ್ದ ಮುಂಬೈಯನ್ನು ಬಿಟ್ಟು ಉಡುಪಿಯ ಬಂಧುಗಳ ಮನೆ ಸೇರಿದ ಹುಡುಗನನ್ನು ಕಂಡರೆ ಯಾರ ಬಾಯಿಗಾದರೂ ಮೊದಲು ಬರುವ ಮಾತು ಅದೇ. ನನಗೂ ಬಂದಿತ್ತು, ನಾನು ನುಂಗಿಕೊಂಡೆ ಅಷ್ಟೆ. ಆದರೆ ಮಧ್ಯಂತರದ ನಂತರ ಆ ಹೆಂಗಸಿನ ದನಿ ಮತ್ತೆ ಕೇಳಿಸಲಿಲ್ಲ. ಚಿತ್ರ ಮುಗಿದು ದೀಪ ಹತ್ತಿದಾಗ ಅವರು ಸೆರಗನ್ನು ಮೊಣಕಾಲಿನ ಮೇಲೆ ಮುದ್ದೆ ಮಾಡಿ ಹಿಡಿದುಕೊಂಡು ಇನ್ನೂ ತೆರೆಯನ್ನೇ ನೋಡುತ್ತಿದ್ದರು. ಒಂದು ಚಿತ್ರ ಎರಡು ಗಂಟೆಯೊಳಗೆ ಒಬ್ಬರ ಬಾಯಿಂದ ಆ ಪದವನ್ನು ತೆಗೆದುಹಾಕಿತು ಎಂಬುದು ನನಗೆ ಆ ದಿನದ ದೊಡ್ಡ ಸಂಗತಿಯಾಗಿ ತೋರಿತು.

ನಾನು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಗಣಿತ ಹೇಳಿಕೊಡುವವಳು. ಹದಿಮೂರರ ಆಸುಪಾಸಿನ ಹುಡುಗರ ಮುಖಗಳನ್ನು ದಿನವೂ ನೋಡುತ್ತೇನೆ. ಹಾಗಾಗಿಯೋ ಏನೋ, ಈಚೆಗೆ ನೋಡಿದ ಚಿತ್ರ ಮತ್ತು ಸರಣಿಗಳಲ್ಲಿ ಮನಸ್ಸಿನಲ್ಲಿ ಉಳಿದವುಗಳ ನಡುವೆಯೆಲ್ಲ ಒಬ್ಬೊಬ್ಬ ಹುಡುಗನಿದ್ದಾನೆ. ಸುಮಂತ್ ಭಟ್ ನಿರ್ದೇಶನದ ‘ಮಿಥ್ಯ’ 2025ರ ಮಾರ್ಚ್ 7ರಂದು ತೆರೆಗೆ ಬಂತು. ಅದಾದ ಆರು ದಿನಕ್ಕೆ ಬ್ರಿಟನ್ನಿನ ‘ಅಡೊಲೆಸೆನ್ಸ್’ ಸರಣಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅದಕ್ಕೂ ಒಂದು ವರ್ಷ ಮೊದಲು ಬಿಡುಗಡೆಯಾಗಿದ್ದ ಉತ್ಸವ್ ಗೋನವಾರ ಅವರ ‘ಫೋಟೋ’ವನ್ನು ನಾನು ತಡವಾಗಿ, ಇವೆರಡರ ನಂತರ ನೋಡಿದೆ. ಇವು ಒಂದರ ಪಕ್ಕ ಒಂದನ್ನು ಇಟ್ಟು ನೋಡಬೇಕೆಂದು ಮಾಡಿದವಲ್ಲ. ಆದರೆ ಹಾಗೆ ನೋಡಿದ ಮೇಲೆ ನನ್ನ ತಲೆಯಲ್ಲಿ ಅವು ಬೇರೆಯಾಗಿ ಉಳಿಯಲೇ ಇಲ್ಲ. ಕಥೆಯ ಕೊನೆಯ ಸಂಗತಿಗಳನ್ನೂ ಇಲ್ಲಿ ಹೇಳಿದ್ದೇನೆ. ನೋಡದವರು ನೋಡಿಕೊಂಡು ಬಂದು ಓದಿದರೆ ಒಳ್ಳೆಯದು.

‘ಮಿಥ್ಯ’ವನ್ನು ನೋಡುವುದಕ್ಕೇ ನಾನು ಪಟ್ಟ ಪಾಡನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನಮ್ಮ ಮನೆಗೆ ಹತ್ತಿರದ ಚಿತ್ರಮಂದಿರದಲ್ಲಿ ದಿನಕ್ಕೆ ಒಂದೇ ಆಟ, ಅದೂ ಕೆಲಸಕ್ಕೆ ಹೋಗುವ ಯಾರಿಗೂ ಬಿಡುವಿರದ ಮಧ್ಯಾಹ್ನದ ಹೊತ್ತಿನಲ್ಲಿ. ಮೊದಲ ಸಲ ಟಿಕೆಟ್ ಕಾಯ್ದಿರಿಸಿ ಅರ್ಧ ದಿನ ರಜೆ ಹಾಕಿ ಹೋದರೆ, ಜನ ಸಾಲದೆಂದು ಆಟವನ್ನು ರದ್ದು ಮಾಡಿದ್ದರು. ಎರಡನೆಯ ಸಲ ಹೋದಾಗ ನಾವು ಒಂಬತ್ತು ಜನರಿದ್ದೆವು. ಮಾತು ಕಡಿಮೆ ಇರುವ, ಹೊಡೆದಾಟವಿಲ್ಲದ ಕನ್ನಡ ಚಿತ್ರವೊಂದಕ್ಕೆ ಮೊದಲ ವಾರದಲ್ಲೇ ಜನರ ಅನುಕೂಲದ ಹೊತ್ತನ್ನು ಕೊಡದೆ, ಎರಡನೆಯ ವಾರ ‘ಜನ ಬರುತ್ತಿಲ್ಲ’ ಎಂದು ತೆಗೆದುಹಾಕುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಬಾಯಿಂದ ಬಾಯಿಗೆ ಸುದ್ದಿ ಹರಡಲು ಒಂದು ಭಾನುವಾರವಾದರೂ ಬೇಕು.

ಚಿತ್ರಕ್ಕೆ ಬರುತ್ತೇನೆ. ಹುಡುಗನ ಹೆಸರು ಮಿಥುನ್. ಕರೆಯುವುದು ಮಿಥ್ಯ ಎಂದು. ಸಾವು ಸಂಭವಿಸಿ ಆದ ಮೇಲೆ ಚಿತ್ರ ಶುರುವಾಗುತ್ತದೆ. ಇದು ಸಣ್ಣ ನಿರ್ಧಾರವಲ್ಲ. ನಮ್ಮ ಎಷ್ಟೋ ಚಿತ್ರಗಳಲ್ಲಿ ಸಾವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿ, ಹಿನ್ನೆಲೆ ಸಂಗೀತ ಏರಿಸಿ, ಪ್ರೇಕ್ಷಕರನ್ನು ಮೊದಲು ಅಳಿಸಿಬಿಡುತ್ತಾರೆ. ಅತ್ತ ಮೇಲೆ ನಮ್ಮ ಕರ್ತವ್ಯ ಮುಗಿದಂತಾಗಿ, ಆ ಮೇಲಿನ ಕಥೆಯನ್ನು ಹಗುರಾದ ಮನಸ್ಸಿನಿಂದ ನೋಡುತ್ತ ಕೂರುತ್ತೇವೆ. ಸುಮಂತ್ ಭಟ್ ಆ ಅಳುವನ್ನು ನಮಗೆ ಕೊಡುವುದಿಲ್ಲ. ಹುಡುಗನೂ ಅಳುವುದಿಲ್ಲ. ಅವನು ಹೊಸ ಮನೆಯಲ್ಲಿ ಓಡಾಡುತ್ತಾನೆ, ಹೊಸ ಹುಡುಗರ ಜೊತೆ ಸೇರುತ್ತಾನೆ, ಪುಟ್ಟ ತಂಗಿಯನ್ನು ದೂರದಿಂದ ನೋಡುತ್ತಾನೆ, ದೊಡ್ಡವರು ತಮ್ಮತಮ್ಮಲ್ಲಿ ಮಾತಾಡುವುದನ್ನು ಕೇಳಿಸಿಕೊಳ್ಳುತ್ತಾನೆ. ತನ್ನ ಹೆತ್ತವರು ತೀರಿಕೊಂಡ ಬಗೆಯನ್ನು ಕುರಿತು ಊರಿನವರು ಆಡುವ ಪಿಸುಮಾತು ಅವನ ಕಿವಿಯನ್ನು ತಲುಪುತ್ತದೆ ಎಂಬುದು ನಮಗೆ ಗೊತ್ತಾಗುವುದು ಅವನ ನಡಿಗೆಯಲ್ಲಿ, ಅವನು ಒಮ್ಮೆಲೇ ನಿಲ್ಲುವ ಬಗೆಯಲ್ಲಿ. ಇಡೀ ಚಿತ್ರದಲ್ಲಿ ಯಾರೂ ಕುಳಿತುಕೊಂಡು ‘ಅವನ ಮನಸ್ಸಿನಲ್ಲಿ ಏನಾಗುತ್ತಿದೆ’ ಎಂದು ನಮಗೆ ವಿವರಿಸಿ ಹೇಳುವುದಿಲ್ಲ.

ಆತಿಶ್ ಶೆಟ್ಟಿ ಎಂಬ ಹುಡುಗ ಮಿಥ್ಯನಾಗಿ ನಟಿಸಿದ್ದಾನೆ. ನಟಿಸಿದ್ದಾನೆ ಎಂಬ ಮಾತನ್ನು ಬರೆಯುವಾಗಲೇ ಅದು ತಪ್ಪೇನೋ ಅನ್ನಿಸುತ್ತದೆ. ಮಕ್ಕಳಿಂದ ನಟನೆ ಮಾಡಿಸುವಾಗ ನಮ್ಮಲ್ಲಿ ಎರಡು ಹಳೆಯ ದಾರಿಗಳಿವೆ: ಒಂದೋ ಮಗು ಮುದ್ದುಮುದ್ದಾಗಿ ಮಾತಾಡಬೇಕು, ಇಲ್ಲವೇ ದೊಡ್ಡವರಿಗಿಂತ ಜಾಣತನದ ಮಾತಾಡಬೇಕು. ಈ ಹುಡುಗ ಎರಡನ್ನೂ ಮಾಡುವುದಿಲ್ಲ. ಅವನ ಮುಖದಲ್ಲಿ ಒಂದು ಬಗೆಯ ಕಾವಲಿದೆ. ಯಾರಾದರೂ ತಲೆ ಸವರಲು ಬಂದರೆ ತಲೆಯನ್ನು ಪೂರ್ತಿ ಹಿಂದೆ ಎಳೆದುಕೊಳ್ಳುವುದಿಲ್ಲ, ಹಾಗೆಂದು ಕೊಡುವುದೂ ಇಲ್ಲ. ಉದಿತ್ ಖುರಾನಾ ಅವರ ಕ್ಯಾಮೆರಾ ಅವನ ಎತ್ತರಕ್ಕೆ ಇಳಿದು, ಅವನನ್ನು ಹಿಂಬಾಲಿಸುವ ತಾಳ್ಮೆಯನ್ನು ತೋರಿಸಿದೆ. ಮಿಥುನ್ ಮುಕುಂದನ್ ಅವರ ಸಂಗೀತ ಎಲ್ಲಿ ಸುಮ್ಮನಿರಬೇಕೋ ಅಲ್ಲಿ ಸುಮ್ಮನಿದೆ.

ಈ ಚಿತ್ರದಲ್ಲಿ ನನ್ನನ್ನು ಹುಡುಗನಷ್ಟೇ ಹಿಡಿದಿಟ್ಟವರು ಪ್ರಕಾಶ್ ತುಮಿನಾಡು. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಚಿತ್ರದ ಭುಜಂಗನಾಗಿ ಅವರು ನಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದರು. 2025ರ ‘ಸು ಫ್ರಮ್ ಸೋ’ದಲ್ಲೂ ಅವರು ಕಾಣಿಸಿಕೊಂಡ ಕೂಡಲೇ ಜನ ನಗಲು ಸಿದ್ಧರಾಗುತ್ತಿದ್ದರು. ಇಲ್ಲಿ ಅವರು ಹುಡುಗನನ್ನು ಮನೆಗೆ ತಂದುಕೊಂಡ ಸಾಮಾನ್ಯ ಗೃಹಸ್ಥ. ಒಳ್ಳೆಯವನು, ಆದರೆ ಒಳ್ಳೆಯತನದಿಂದ ಏನು ಮಾಡಬೇಕೆಂದು ತಿಳಿಯದವನು. ಮಗುವಿಗೆ ಊಟ, ಬಟ್ಟೆ, ಶಾಲೆ ಇವನ್ನು ಹೊಂದಿಸಿಕೊಡುವುದು ಆತನಿಗೆ ಗೊತ್ತು. ಆ ಮೇಲಿನದಕ್ಕೆ ಆತನಲ್ಲಿ ಮಾತಿಲ್ಲ. ಮಾತಿಲ್ಲದ ಗಂಡಸು ಮಾತಿಲ್ಲದ ಹುಡುಗನ ಎದುರಿಗೆ ನಿಂತುಕೊಳ್ಳುವುದನ್ನು ನೋಡುವಾಗ, ನಮ್ಮ ಮನೆಗಳ ಎಷ್ಟು ಅಪ್ಪ, ಚಿಕ್ಕಪ್ಪ, ಮಾವಂದಿರು ನೆನಪಾದರೋ ಹೇಳಲಾರೆ. ರೂಪಾ ವರ್ಕಾಡಿಯವರು ಆ ಮನೆಯ ಹೆಂಗಸಿನ ಸುಸ್ತನ್ನೂ ಪ್ರೀತಿಯನ್ನೂ ಬೇರೆ ಮಾಡದೆ ತೋರಿಸಿದ್ದಾರೆ. ಕರಾವಳಿಯ ಆಡುಮಾತು ಇಲ್ಲಿ ನಗಿಸಲು ಬಂದಿಲ್ಲ ಎಂಬುದನ್ನೂ ಹೇಳಬೇಕು. ಈಚಿನ ವರ್ಷಗಳಲ್ಲಿ ಆ ಕನ್ನಡ ಕೇಳಿದೊಡನೆ ತಮಾಷೆಯನ್ನೋ ದೈವವನ್ನೋ ನಿರೀಕ್ಷಿಸುವ ಅಭ್ಯಾಸ ನಮಗೆ ಆಗಿದೆ. ಮಂಗಳೂರು ಉಡುಪಿಗಳಲ್ಲಿ ಜನ ದುಃಖಪಡುವುದೂ ಅದೇ ಕನ್ನಡದಲ್ಲಿ, ಅದೇ ತುಳುವಿನಲ್ಲಿ.

ಕೊರತೆಯಿಲ್ಲವೆಂದಲ್ಲ. ನಡುಭಾಗದಲ್ಲಿ ಒಂದೆರಡು ಕಡೆ ಮೌನ ಒಂದು ರೂಢಿಯಾಗಿ ಮುಂದುವರಿಯುತ್ತದೆ. ಏನೋ ಆಗಲಿದೆ ಎಂದು ಕಾಯಿಸಿ, ಆ ಕಾಯುವಿಕೆಗೆ ತಕ್ಕದ್ದನ್ನು ಕೊಡದೆ ದೃಶ್ಯ ಮುಗಿಯುತ್ತದೆ. ಆದರೂ 2025ರಲ್ಲಿ ನಾನು ನೋಡಿದ ಕನ್ನಡ ಚಿತ್ರಗಳಲ್ಲಿ ಮೊದಲ ಸ್ಥಾನವನ್ನು ಯಾವ ಅನುಮಾನವೂ ಇಲ್ಲದೆ ಇದಕ್ಕೆ ಕೊಡುತ್ತೇನೆ.

ಇದರ ಹಿಂದೆ ನನ್ನದೊಂದು ನೆನಪಿದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನ ತಂದೆ ತೀರಿಕೊಂಡರು. ಹನ್ನೆರಡು ದಿನ ಕಳೆದು ಅವನು ಶಾಲೆಗೆ ಬಂದಾಗ, ಬೋಳಿಸಿದ ತಲೆಯ ಮೇಲೆ ಟೋಪಿ ಹಾಕಿಕೊಂಡಿದ್ದ. ಸಿಬ್ಬಂದಿ ಕೊಠಡಿಯಲ್ಲಿ ನಾವೆಲ್ಲ ಹತ್ತು ಸಲವಾದರೂ ‘ಪಾಪ’ ಎಂದಿರಬೇಕು. ಕಾಫಿ ಕೊಡುವ ಆಯಾ ಕೂಡ ಬಾಗಿಲಲ್ಲಿ ನಿಂತು ‘ಪಾಪ’ ಎಂದಳು. ಅವನು ಆ ದಿನ ಸಮೀಕರಣದ ಲೆಕ್ಕಗಳನ್ನು ಎಲ್ಲರಿಗಿಂತ ಮೊದಲು ಮುಗಿಸಿ, ನೋಟುಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟ. ಎಲ್ಲವೂ ಸರಿಯಾಗಿದ್ದವು. ನಾನು ‘ತುಂಬ ಚೆನ್ನಾಗಿ ಮಾಡಿದ್ದೀಯ ಕಣೋ’ ಎಂದು ಬೇಕಾದ್ದಕ್ಕಿಂತ ಹೆಚ್ಚು ಮೆತ್ತಗಿನ ದನಿಯಲ್ಲಿ ಹೇಳಿದೆ. ಅವನು ನನ್ನನ್ನು ಒಂದು ಕ್ಷಣ ನೋಡಿದ. ಆ ನೋಟದ ಅರ್ಥ ನನಗೆ ಆಗ ತಿಳಿದಿರಲಿಲ್ಲ. ‘ಮಿಥ್ಯ’ ನೋಡುವಾಗ ತಿಳಿಯಿತು. ಅವನಿಗೆ ಬೇಕಾಗಿದ್ದದ್ದು ಎಂದಿನ ದನಿ. ಕನ್ನಡದಲ್ಲಿ ‘ಪಾಪ’ ಎಂಬ ಒಂದೇ ಪದ ಕನಿಕರಕ್ಕೂ ಆಗುತ್ತದೆ, ಮಾಡಬಾರದ್ದನ್ನು ಮಾಡಿದ್ದಕ್ಕೂ ಆಗುತ್ತದೆ. ನಮ್ಮ ಕಡೆ ಎಳೆಗೂಸನ್ನೂ ಪಾಪ ಎಂದೇ ಕರೆಯುತ್ತಾರೆ. ಹತ್ತು ಜನ ಕೂಡಿ ಒಬ್ಬ ಹುಡುಗನ ಮೇಲೆ ಆ ಪದವನ್ನು ಹೊದಿಸಿದಾಗ, ಅದರ ಯಾವ ಅರ್ಥ ಅವನ ಮೈಗೆ ಅಂಟುತ್ತದೆ ಎಂಬುದನ್ನು ನಾವು ಯೋಚಿಸುವುದಿಲ್ಲ.

‘ಅಡೊಲೆಸೆನ್ಸ್’ ನೋಡಿದಾಗ ಆ ಪದದ ಇನ್ನೊಂದು ಅರ್ಥದ ಮುಂದೆ ನಿಂತುಕೊಳ್ಳಬೇಕಾಯಿತು. ಜ್ಯಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರಹಾಂ ಬರೆದು, ಫಿಲಿಪ್ ಬರಂಟೀನಿ ನಿರ್ದೇಶಿಸಿದ ಈ ಸರಣಿಗೆ ನಾಲ್ಕೇ ಕಂತುಗಳು. ಮೊದಲ ಕಂತಿನಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಾಧಾರಣ ಮನೆಯ ಬಾಗಿಲನ್ನು ಬೆಳಗಿನ ಜಾವ ಪೊಲೀಸರು ಒಡೆದು ಒಳಗೆ ನುಗ್ಗುತ್ತಾರೆ. ಅವರು ಹಿಡಿಯಲು ಬಂದಿರುವುದು 13 ವರ್ಷದ ಜೇಮಿ ಮಿಲ್ಲರ್‌ನನ್ನು. ತನ್ನ ಶಾಲೆಯ ಹುಡುಗಿ ಕೇಟಿಯನ್ನು ಕೊಂದ ಆರೋಪದ ಮೇಲೆ. ಹಾಸಿಗೆಯ ಮೇಲೆ ಎದ್ದು ಕುಳಿತ ಹುಡುಗ ಹೆದರಿಕೆಯಿಂದ ಚಡ್ಡಿ ಒದ್ದೆ ಮಾಡಿಕೊಂಡಿದ್ದಾನೆ. ಆ ಕ್ಷಣಕ್ಕೆ ನನ್ನ ಬಾಯಲ್ಲಿ ಮತ್ತೆ ಅದೇ ಪದ ಬಂತು, ಈ ಸಲ ಗಟ್ಟಿಯಾಗಿಯೇ. ಕಂತು ಮುಗಿಯುವ ಹೊತ್ತಿಗೆ ಅಪ್ಪನ ಮುಂದೆ ಪೊಲೀಸರು ಕಣ್ಗಾವಲು ಕ್ಯಾಮೆರಾದ ದೃಶ್ಯವನ್ನು ಇಡುತ್ತಾರೆ. ಹುಡುಗ ಮಾಡಿದ್ದು ಅದರಲ್ಲಿದೆ. ಯಾರು ಕೊಂದರು ಎಂಬ ಪ್ರಶ್ನೆಯನ್ನು ಸರಣಿ ಮೊದಲ ಕಂತಿನಲ್ಲೇ ಮುಗಿಸಿಬಿಡುತ್ತದೆ. ಉಳಿದ ಮೂರು ಕಂತುಗಳಲ್ಲಿ ನಮಗೆ ಉಳಿಯುವುದು, ಇವನನ್ನು ಏನೆಂದು ಕರೆಯುವುದು ಎಂಬ ಪ್ರಶ್ನೆ.

ಪ್ರತಿ ಕಂತನ್ನೂ ಒಂದೇ ಓಟದಲ್ಲಿ, ಎಲ್ಲಿಯೂ ಕತ್ತರಿಸದೆ ಚಿತ್ರೀಕರಿಸಿದ್ದಾರೆ. ಇದರ ತಾಂತ್ರಿಕ ಸಾಹಸವನ್ನು ಎಲ್ಲರೂ ಹೊಗಳಿದ್ದಾರೆ, ನಾನು ಮತ್ತೆ ಹೊಗಳಬೇಕಿಲ್ಲ. ನನಗೆ ಮುಖ್ಯವೆನಿಸಿದ್ದು ಅದು ನೋಡುವವರ ಮೇಲೆ ಮಾಡುವ ಕೆಲಸ. ಸಾಮಾನ್ಯ ಚಿತ್ರದಲ್ಲಿ ನೋವಿನ ಮುಖವೊಂದನ್ನು ತೋರಿಸಿ, ನಾವು ಇನ್ನು ತಡೆಯಲಾರೆವು ಎನ್ನುವಾಗ ಕತ್ತರಿಸಿ ಬೇರೆ ಕಡೆಗೆ ಕರೆದೊಯ್ಯುತ್ತಾರೆ. ಇಲ್ಲಿ ಆ ಬಿಡುಗಡೆಯಿಲ್ಲ. ಠಾಣೆಯಲ್ಲಿ ಹುಡುಗನ ಬೆರಳಚ್ಚು ತೆಗೆಯುವುದು, ರಕ್ತ ತೆಗೆಯುವುದು, ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುವಾಗ ಅಪ್ಪ ಅದೇ ಕೋಣೆಯಲ್ಲಿ ನಿಂತಿರುವುದು, ಎಲ್ಲವೂ ಅದಕ್ಕೆ ಹಿಡಿಯುವಷ್ಟೇ ಹೊತ್ತು ಹಿಡಿಯುತ್ತವೆ. ನಡುವೆ ಎದ್ದು ನೀರು ಕುಡಿದು ಬಂದರೂ ನಾವು ಬಿಟ್ಟ ಕೋಣೆಯಲ್ಲೇ ಅವರು ಇರುತ್ತಾರೆ ಎಂಬ ಭಾವನೆ.

ಮೂರನೆಯ ಕಂತಿನ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಬಂಧನವಾಗಿ ಏಳು ತಿಂಗಳು ಕಳೆದಿವೆ. ಮನಶ್ಶಾಸ್ತ್ರಜ್ಞೆ ಬ್ರಯೊನಿ, ನ್ಯಾಯಾಲಯಕ್ಕೆ ವರದಿ ಬರೆಯುವ ಸಲುವಾಗಿ ಜೇಮಿಯನ್ನು ನೋಡಲು ಬರುತ್ತಾಳೆ. ಒಂದು ಕೋಣೆ, ಒಂದು ಮೇಜು, ಇಬ್ಬರು ಮನುಷ್ಯರು. ಅವನಿಗಾಗಿ ಬಿಸಿ ಚಾಕೊಲೇಟ್ ತಂದಿದ್ದಾಳೆ, ತನ್ನ ಸ್ಯಾಂಡ್‌ವಿಚ್‌ನಲ್ಲಿ ಅರ್ಧವನ್ನು ಕೊಟ್ಟಿದ್ದಾಳೆ. ಅದರಲ್ಲಿರುವ ಉಪ್ಪಿನಕಾಯಿ ತನಗೆ ಇಷ್ಟವಿಲ್ಲವೆಂದು ಹುಡುಗ ಹೇಳುತ್ತಾನೆ. ಆದರೂ ಆಮೇಲೆ ಕಚ್ಚುತ್ತಾನೆ. ಮಾತು ತಮಾಷೆಯಿಂದ ಆರಂಭವಾಗಿ, ಒಮ್ಮೆಲೇ ಹುಡುಗ ಎದ್ದುನಿಂತು ಕೂಗುತ್ತಾನೆ, ಅವಳ ಮೇಲೆ ಬಾಗಿ ನಿಲ್ಲುತ್ತಾನೆ, ‘ನಿನಗೆ ನನ್ನನ್ನು ಕಂಡರೆ ಹೆದರಿಕೆಯೇ’ ಎಂಬ ಖುಷಿ ಅವನ ಮುಖದಲ್ಲಿ ಹಾದುಹೋಗುತ್ತದೆ. ಮರುಗಳಿಗೆ ಅವನು ಮತ್ತೆ ಮಗು. ಕೊನೆಗೆ ಅವನನ್ನು ಎಳೆದುಕೊಂಡು ಹೋಗುವಾಗ, ತಾನು ಅವಳಿಗೆ ಇಷ್ಟವೇ ಎಂದು ಕೂಗಿ ಕೇಳುತ್ತಾನೆ. ಅವಳು ಉತ್ತರ ಕೊಡುವುದಿಲ್ಲ. ಒಬ್ಬಳೇ ಉಳಿದ ಮೇಲೆ ಮೇಜಿನ ಮೇಲಿನ ಆ ಕಚ್ಚಿದ ಸ್ಯಾಂಡ್‌ವಿಚ್ ಚೂರನ್ನು ಮುಟ್ಟಿ, ಬೆಂಕಿ ತಾಗಿದಂತೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಮಗುವಿನ ಹಲ್ಲಿನ ಗುರುತಿರುವ ತಿಂಡಿಯ ಚೂರನ್ನು ನೋಡಿ ಹೇಸುವುದನ್ನೂ, ಹಾಗೆ ಹೇಸಿದ್ದಕ್ಕೆ ತನ್ನಲ್ಲೇ ಅಂಜುವುದನ್ನೂ ಎರಿನ್ ಡೊಹರ್ಟಿ ಆ ಒಂದು ಕೈಯ ಚಲನೆಯಲ್ಲಿ ತೋರಿಸಿದ್ದಾರೆ.

ಜೇಮಿಯಾಗಿ ನಟಿಸಿದ ಓವನ್ ಕೂಪರ್‌ಗೆ ಇದು ಮೊದಲ ಪಾತ್ರ, ಮತ್ತು ಮೊದಲು ಚಿತ್ರೀಕರಿಸಿದ್ದೇ ಈ ಮೂರನೆಯ ಕಂತನ್ನು ಎಂದು ತಿಳಿದಾಗ ನಾನು ಮತ್ತೊಮ್ಮೆ ನೋಡಿದೆ. 2025ರ ಸೆಪ್ಟೆಂಬರಿನಲ್ಲಿ, 15ನೆಯ ವಯಸ್ಸಿನಲ್ಲಿ, ನಟನೆಗೆ ಎಮ್ಮಿ ಪ್ರಶಸ್ತಿ ಪಡೆದ ಗಂಡು ನಟರಲ್ಲೇ ಅತ್ಯಂತ ಕಿರಿಯನಾದ. ಅದಕ್ಕೆ ಅವನು ಅರ್ಹ ಎನ್ನಲು ಬೇರೆ ಸಾಕ್ಷಿ ಬೇಕಾಗಿಲ್ಲ.

ಜೇಮಿ ಆ ಕಂತಿನಲ್ಲಿ ಹೇಳುವ ಸಂಗತಿಯೊಂದಿದೆ. ಅಪ್ಪ ಅವನನ್ನು ಫುಟ್‌ಬಾಲ್ ಆಡಿಸಲು ಕರೆದೊಯ್ಯುತ್ತಿದ್ದ. ಹುಡುಗನಿಗೆ ಆಟ ಬರುತ್ತಿರಲಿಲ್ಲ. ಅವನು ಎಡವಿದಾಗಲೆಲ್ಲ ಅಪ್ಪ ಬೇರೆ ಕಡೆ ನೋಡುತ್ತಿದ್ದ. ನಾಲ್ಕನೆಯ ಕಂತಿನಲ್ಲಿ ಅಪ್ಪ ಎಡ್ಡಿಯೂ ಅದೇ ಮಾತನ್ನು ತನ್ನ ಕಡೆಯಿಂದ ಹೇಳುತ್ತಾನೆ: ಉಳಿದ ಅಪ್ಪಂದಿರು ನಗುತ್ತಿದ್ದರು, ಮಗ ನನ್ನನ್ನೇ ನೋಡುತ್ತಿದ್ದ, ನನಗೆ ಅವನನ್ನು ನೋಡಲಾಗಲಿಲ್ಲ. ಎಡ್ಡಿ ಕೆಟ್ಟ ಅಪ್ಪನಲ್ಲ. ತನ್ನ ತಂದೆಯಿಂದ ಬೆಲ್ಟಿನ ಏಟು ತಿಂದು, ತನ್ನ ಮಕ್ಕಳಿಗೆ ಹಾಗೆ ಮಾಡಲಾರೆನೆಂದು ನಿಶ್ಚಯಿಸಿ, ಆ ಮಾತನ್ನು ಉಳಿಸಿಕೊಂಡವನು. ಮಗ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಿದ್ದಾಗ, ಮನೆಯಲ್ಲೇ ಇದ್ದಾನಲ್ಲ, ಕ್ಷೇಮವಾಗಿದ್ದಾನೆ ಎಂದು ಗಂಡ ಹೆಂಡತಿ ಇಬ್ಬರೂ ನಂಬಿದ್ದರು. ನನ್ನ ತರಗತಿಯ ಪೋಷಕರ ಸಭೆಯಲ್ಲಿ ಪ್ರತಿ ಸಲವೂ ಕೇಳುವ ಮಾತು ಇದೇ: ‘ನಮ್ಮ ಹುಡುಗ ಎಲ್ಲಿಗೂ ಹೋಗೋಲ್ಲ ಮೇಡಂ, ಕೋಣೆಯಲ್ಲೇ ಇರ್ತಾನೆ.’ ಅದನ್ನು ಹೇಳುವಾಗ ಅವರ ಮುಖದಲ್ಲಿ ಇರುವ ನೆಮ್ಮದಿಯನ್ನು ಇನ್ನು ಮುಂದೆ ನಾನು ಸುಮ್ಮನೆ ಒಪ್ಪಿಕೊಳ್ಳಲಾರೆ.

ಈ ಸರಣಿಯ ಮೇಲೆ ನನ್ನದೊಂದು ಆಕ್ಷೇಪವೂ ಇದೆ, ಅದು ಸಣ್ಣದಲ್ಲ. ಕೊಲೆಯಾದ ಹುಡುಗಿ ಕೇಟಿ ಇಲ್ಲಿ ಇಲ್ಲವೇ ಇಲ್ಲ. ಎರಡನೆಯ ಕಂತಿನಲ್ಲಿ ಮಹಿಳಾ ಪೊಲೀಸ್ ಅಧಿಕಾರಿ ಫ್ರ್ಯಾಂಕ್ ಇದನ್ನು ಬಾಯಿಬಿಟ್ಟು ಹೇಳುತ್ತಾಳೆ: ಎಲ್ಲರೂ ಜೇಮಿಯನ್ನು ನೆನಪಿಡುತ್ತಾರೆ, ಹುಡುಗಿಯನ್ನು ಯಾರೂ ನೆನಪಿಡುವುದಿಲ್ಲ. ಹೇಳಿದ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ. ಕೇಟಿಯ ಗೆಳತಿ ಜೇಡ್‌ಗೆ ಸಿಕ್ಕ ಕೆಲವು ನಿಮಿಷಗಳಲ್ಲಿ ಆ ಹುಡುಗಿಯ ಸಿಟ್ಟು ಮತ್ತು ಒಂಟಿತನ ಎಷ್ಟು ನಿಜವಾಗಿ ಕಾಣುತ್ತವೆಂದರೆ, ಅವಳ ಮನೆಗೂ ಒಂದು ಕಂತು ಹೋಗಬೇಕಿತ್ತು ಅನ್ನಿಸಿತು. ಅದೇ ಕಂತಿನಲ್ಲಿ ತನಿಖಾಧಿಕಾರಿ ಬ್ಯಾಸ್ಕೋಂಬ್‌ಗೆ ಅವನ ಸ್ವಂತ ಮಗನೇ ಇನ್‌ಸ್ಟಾಗ್ರಾಮಿನ ಇಮೋಜಿಗಳ ಒಳ ಅರ್ಥವನ್ನು ಬಿಡಿಸಿ ಹೇಳುವ ದೃಶ್ಯವಿದೆ. ಪೊಲೀಸರು ಸ್ನೇಹದ ಗುರುತೆಂದು ಓದಿಕೊಂಡದ್ದು ಹುಡುಗರ ಭಾಷೆಯಲ್ಲಿ ಹಂಗಿಸುವ ಮಾತಾಗಿತ್ತು. ಅದನ್ನು ನೋಡಿದ ಮರುದಿನ ನಾನು ತರಗತಿಯಲ್ಲಿ ಮಕ್ಕಳನ್ನು ಕೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಒಬ್ಬ ಹುಡುಗಿ ಕರಿಹಲಗೆಯ ಮೇಲೆ ನಾಲ್ಕು ಬಣ್ಣದ ಹೃದಯಗಳನ್ನು ಬರೆದು, ಒಂದೊಂದಕ್ಕೂ ಅವರ ನಡುವೆ ಇರುವ ಅರ್ಥವನ್ನು ಹೇಳಿದಳು. ಮೂರು ನನಗೆ ಗೊತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಈ ಸರಣಿಯನ್ನು ಪ್ರೌಢಶಾಲೆಗಳಿಗೆ ಉಚಿತವಾಗಿ ಒದಗಿಸಿದರು. ನಮ್ಮಲ್ಲಿ ಮಕ್ಕಳಿಗಿಂತ ಮೊದಲು ಶಿಕ್ಷಕರಿಗೆ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ.

‘ಫೋಟೋ’ ಇವೆರಡಕ್ಕಿಂತ ನೇರವಾದ ಚಿತ್ರ. ರಾಯಚೂರು ಸೀಮೆಯ ಹಳ್ಳಿಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ ಮಾಡುತ್ತಾನೆ. ಹುಡುಗ ಅವನ ಬಳಿಗೆ ಬರುತ್ತಾನೆ. ಅಷ್ಟರಲ್ಲಿ 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಬಂದು ನಗರ ಮುಚ್ಚುತ್ತದೆ. ಅಪ್ಪ ಮಗ ಊರಿಗೆ ನಡೆದುಕೊಂಡು ಹೊರಡುತ್ತಾರೆ. ಬೆಂಗಳೂರಿನಿಂದ ರಾಯಚೂರಿಗೆ ಸುಮಾರು 400 ಕಿಲೋಮೀಟರ್ ದೂರ. ಆ ದಿನಗಳಲ್ಲಿ ಟಿವಿಯಲ್ಲಿ ಹೆದ್ದಾರಿಯ ಮೇಲೆ ಗಂಟುಮೂಟೆ ಹೊತ್ತು ಸಾಗುವ ಜನರನ್ನು ನಾವು ಮನೆಯೊಳಗೆ ಕುಳಿತು ನೋಡಿದೆವು, ‘ಪಾಪ’ ಎಂದೆವು, ಚಾನೆಲ್ ಬದಲಿಸಿದೆವು. ನಾನೂ ಹಾಗೆಯೇ ಮಾಡಿದೆ. ಐದು ವರ್ಷ ಕಳೆದ ಮೇಲೆ ಆ ಗುಂಪಿನಿಂದ ಒಬ್ಬ ಅಪ್ಪ ಮತ್ತು ಒಬ್ಬ ಮಗನನ್ನು ಆರಿಸಿ, ಅವರ ಹೆಜ್ಜೆಯ ಪಕ್ಕ ಹೆಜ್ಜೆ ಹಾಕುವಂತೆ ಈ ಚಿತ್ರ ಮಾಡಿತು.

ಮಹದೇವ ಹಡಪದ ಅಪ್ಪನಾಗಿ ಮಾತಿಗಿಂತ ಮೈಯಿಂದ ನಟಿಸಿದ್ದಾರೆ. ಮಗನೆದುರು ದಣಿವನ್ನು ಒಪ್ಪಿಕೊಳ್ಳದ ಅಪ್ಪನ ಬೆನ್ನು ಹೇಗಿರುತ್ತದೆಂಬುದು ಅವರಿಗೆ ಗೊತ್ತಿದೆ. ರಾಯಚೂರಿನ ಮಾತು, ಅದರ ಎಳೆತ, ಅಪ್ಪ ಮಗ ಒಬ್ಬರನ್ನೊಬ್ಬರು ಕರೆಯುವ ಬಗೆ, ಬೆಂಗಳೂರಿನ ಕನ್ನಡದ ನೆರಳು ಬೀಳದಂತೆ ಉಳಿದಿವೆ. ದ್ವಿತೀಯಾರ್ಧದಲ್ಲಿ ಚಿತ್ರ ಹೇಳಬೇಕಾದ್ದನ್ನು ಎರಡೆರಡು ಸಲ ಹೇಳುತ್ತದೆ ಎಂಬುದು ನನ್ನ ದೂರು. ದಾರಿಯೇ ಹೇಳುತ್ತಿರುವಾಗ ಪಾತ್ರಗಳು ಮತ್ತೆ ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಆದರೆ ವಿಧಾನಸೌಧವನ್ನು ಹುಡುಗನ ಆಸೆಯ ಜಾಗವಾಗಿ ಆರಿಸಿದ್ದು ನಿರ್ದೇಶಕರ ದೊಡ್ಡ ಗೆಲುವು. ಅದರ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿರುವುದನ್ನು ಕನ್ನಡ ಓದಲು ಬರುವ ಪ್ರತಿಯೊಂದು ಮಗುವೂ ಮೊದಲ ಭೇಟಿಯಲ್ಲಿ ಗಟ್ಟಿಯಾಗಿ ಓದುತ್ತದೆ. ನಾನೂ ನಾಲ್ಕನೆಯ ತರಗತಿಯ ಪ್ರವಾಸದಲ್ಲಿ ಓದಿದ್ದೆ; ಆ ಫೋಟೋ ನಮ್ಮ ಮನೆಯ ಗೋಡೆಯ ಮೇಲೆ ಇಂದಿಗೂ ಇದೆ. ನನಗೆ ಸುಲಭವಾಗಿ ಸಿಕ್ಕದ್ದಕ್ಕಾಗಿ ಇನ್ನೊಬ್ಬ ಹುಡುಗ ಎಷ್ಟು ನಡೆಯಬೇಕಾಯಿತು ಎಂದು ನೋಡುವುದು ಕಷ್ಟವಾಯಿತು.

ಈ ಚಿತ್ರ ನೋಡಿದ ರಾತ್ರಿ ‘ಬೆಟ್ಟದ ಹೂವು’ ನೆನಪಾಯಿತು. 1985ರ ಆ ಚಿತ್ರದಲ್ಲಿ ಪುನೀತ್ ನಟಿಸಿದ ರಾಮು, ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಲೆಂದು ಕಾಸಿಗೆ ಕಾಸು ಕೂಡಿಸಿ, ಕೊನೆಗೆ ಮನೆಯವರ ಚಳಿಗೆ ಕಂಬಳಿ ಕೊಳ್ಳುತ್ತಾನೆ. ಆ ಪಾತ್ರಕ್ಕೆ ಪುನೀತ್ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದರು. ಚಿಕ್ಕವಳಿದ್ದಾಗ ನಾನು ಆ ಕಂಬಳಿಗಾಗಿ ಅತ್ತಿದ್ದೆ. ಈಗ ನೋಡಿದರೆ ಆ ಚಿತ್ರ ರಾಮುವಿನ ಆಸೆಯನ್ನು ಎಲ್ಲಿಯೂ ಸಣ್ಣದು ಮಾಡುವುದಿಲ್ಲ ಎಂಬುದೇ ದೊಡ್ಡದಾಗಿ ಕಾಣುತ್ತದೆ. ದುರ್ಗ್ಯಾನ ಫೋಟೋದ ಆಸೆಯನ್ನೂ ಉತ್ಸವ್ ಗೋನವಾರ ಹಾಗೆಯೇ ಗೌರವದಿಂದ ಹಿಡಿದಿದ್ದಾರೆ. ಬಡವರ ಮಗನಿಗೆ ಯಾಕೆ ಇಂಥ ಆಸೆ ಎಂಬ ದನಿ ಚಿತ್ರದಲ್ಲಿ ಒಮ್ಮೆಯೂ ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಕಳೆದ ತಿಂಗಳು ‘ಘಟಶ್ರಾದ್ಧ’ವನ್ನು ಮತ್ತೆ ನೋಡಿದೆ. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977ರದು, ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ್ದು. ಅದರ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ನಾನು ನೋಡಿದ್ದು ಹಳೆಯ, ಗೀರು ಬಿದ್ದ ಪ್ರತಿಯನ್ನೇ. ವೇದ ಕಲಿಯಲು ಬಂದ ಹುಡುಗ ನಾಣಿ, ಗುರುವಿನ ವಿಧವೆ ಮಗಳು, ಬಸಿರಾದ ಯಮುನಕ್ಕ. ಕಾಲೇಜಿನಲ್ಲಿದ್ದಾಗ ಇದನ್ನು ಯಮುನಕ್ಕನ ಕಥೆಯಾಗಿ ನೋಡಿದ್ದೆ. ಆಗ ಅವಳ ಮೇಲಿನ ಅನ್ಯಾಯವೊಂದೇ ಕಾಣಿಸಿತ್ತು. ಈ ಸಲ ನಾಣಿಯನ್ನೇ ನೋಡುತ್ತ ಕುಳಿತೆ. ಅಗ್ರಹಾರದ ಹಿರಿಯರ ಬಾಯಲ್ಲಿ ಪಾಪವೆಂದರೆ ಹೊರಗೆ ಹಾಕಬೇಕಾದದ್ದು, ಬದುಕಿರುವವಳಿಗೆ ಶ್ರಾದ್ಧ ಮಾಡಿ ಕಳೆದುಕೊಳ್ಳಬೇಕಾದದ್ದು. ನಾಣಿಗೆ ಆ ಪದ ಇನ್ನೂ ಬಂದಿಲ್ಲ. ಅವನಿಗೆ ಯಮುನಕ್ಕ ಗೊತ್ತು, ಅವಳು ತನಗೆ ಆಸರೆಯಾದದ್ದು ಗೊತ್ತು. ಕತ್ತಲಲ್ಲಿ ಅವಳ ಜೊತೆಗಿದ್ದು ಅಂಜುವ ಅವನ ಕಣ್ಣುಗಳಲ್ಲಿ ತೀರ್ಪಿಲ್ಲ.

ಕೊನೆಯಲ್ಲಿ ನಾಣಿಯನ್ನು ಊರಿಗೆ ಕರೆದುಕೊಂಡು ಹೋಗಲು ಅವನ ಅಪ್ಪ ಬರುತ್ತಾನೆ. ಹೋಗುವ ದಾರಿಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಯಮುನಕ್ಕ ಕಾಣುತ್ತಾಳೆ. ನಾನು ಅಲ್ಲಿ ಚಿತ್ರವನ್ನು ನಿಲ್ಲಿಸಿ, ಹುಡುಗನ ಮುಖವನ್ನು ಬಹಳ ಹೊತ್ತು ನೋಡಿದೆ. ನನ್ನ ಮೇಜಿನ ಮೇಲೆ ನೋಟುಪುಸ್ತಕ ಇಟ್ಟು ನಿಂತಿದ್ದ, ಟೋಪಿ ಹಾಕಿಕೊಂಡ ಆ ಹುಡುಗ ಈಗ ಎರಡನೆಯ ಪಿಯುಸಿಯಲ್ಲಿದ್ದಾನೆ. ಬಸ್ ನಿಲ್ದಾಣದಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾನೆ. ಮುಂದಿನ ಸಲ ಸಿಕ್ಕಾಗ ‘ಮಿಥ್ಯ’ ನೋಡಿದೆಯಾ ಎಂದು ಕೇಳಬೇಕೆಂದಿದ್ದೇನೆ, ಎಂದಿನ ದನಿಯಲ್ಲಿ.